ಅಂಬಣ್ಣನ ಕೂಗು, ಜಹೀರನ ಕಾಲು

೪ ಜನವರಿ ೧೯೭೯, ಗುರುವಾರ. ಮಾನ್ವಿ

ಮತ್ತೆ ಸೀನು. ನೀರಮಾನ್ವಿಯಿಂದ ಬೆಳಿಗ್ಗೆ ಉಣ್ಣೆ ಬಂತು. ಮುಂದಿನ ಕೋಣೆಯ ತುಂಬ ಕರಿ ಉಣ್ಣೆಯ ಗಂಟು. ಮಾವ ಲಾಲ್ ಸಾಬರಿಗೆ ಅದು ವ್ಯಾಪಾರ, ನನಗೆ ಮೂಗಿನ ತುರಿಕೆ. ಇವರು ಹೊಸ್ತಿಲು ದಾಟುವ ಹೊತ್ತಿಗೇ ಸೀನಬೇಕೇ... ಅತ್ತೆ ಮಹಬೂಬೀ ಇವರನ್ನು ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, ಆಮೇಲೆ ಕಳಿಸಿದರು. ಇನ್ನೊಂದು ಸೀನು ಬಂದದ್ದನ್ನು ದುಪಟ್ಟಾ ಬಾಯಿಗೆ ತುರುಕಿ ತಡೆದೆ. ಇಲ್ಲದಿದ್ದರೆ ಇವರು ಸಂಜೆವರೆಗೆ ನೀರು ಕುಡಿಯುತ್ತಲೇ ಇರಬೇಕಿತ್ತು.

ಡೈರಿ ಇಂಗ್ಲಿಷಿನಲ್ಲೇ ಬರೆಯೋಣವೆಂದಿದ್ದೆ. ಆದರೆ ಇವರು ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ. ಉರ್ದು ಮನೆಮಂದಿಗೆಲ್ಲ ಬರುತ್ತದೆ. ಕನ್ನಡ? ಅಂಗಡಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಾರೆ, ಓದುವವರು ಮಾತ್ರ ಯಾರೂ ಇಲ್ಲ. ಮಿಷನ್ ಸ್ಕೂಲಿನಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಅಂತ ಕಲಿತ ಕನ್ನಡವೇ ಈಗ ನನ್ನ ಬೀಗ, ನನ್ನ ಕೀಲಿ. ಮನೆಯ ದಖನಿ ಮಾತನ್ನೂ ಇಲ್ಲಿ ಕನ್ನಡಕ್ಕೇ ಇಳಿಸುತ್ತೇನೆ.

ಇವರ ಹೆಸರು ಹಿಡಿದು ಕರೆಯುವಂತಿಲ್ಲ. ಬರೆಯುವುದಕ್ಕೇನು? ಜಹೀರುದ್ದೀನ್. ಜಹೀರ್. ಇನ್ನೊಂದು ಸಲ — ಜಹೀರ್. ಮದುವೆಯಾಗಿ ಎರಡು ತಿಂಗಳೂ ತುಂಬಿಲ್ಲ, ಆಗಲೇ ಬೇರೆ ಯಾವ ಹೆಸರೂ ಹೆಸರಿನ ಹಾಗೆ ಕೇಳುವುದಿಲ್ಲ.

ಅತ್ತೆ ಕರೆಯುತ್ತಿದ್ದಾರೆ. ಬೇಳೆ.

೭ ಜನವರಿ, ಭಾನುವಾರ

ಇವತ್ತು ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತ ಕೂತಾಗ ರಾಯಚೂರು ನೆನಪಾಯಿತು. ಸ್ಟೇಷನ್ ರೋಡ್, ನಮ್ಮ ರೈಲ್ವೆ ಕ್ವಾರ್ಟರ್ಸ್, ಬೆಳಗಿನ ಗಾಡಿ ಬಂದಾಗ ಕಪಾಟಿನ ಕಪ್ಪು-ಬಸಿಗಳು ಕಿಣಿಕಿಣಿ ಅನ್ನುತ್ತಿದ್ದದ್ದು. ಇಲ್ಲಿ ಯಾವ ಪಾತ್ರೆಯೂ ತಾನಾಗಿ ಸದ್ದು ಮಾಡುವುದಿಲ್ಲ.

ಜಹೀರರನ್ನು ಮೊದಲು ನೋಡಿದ್ದು ಆ ಸ್ಟೇಷನ್ನಿನಲ್ಲೇ. ಇವರಿಗೆ ಇದು ಇನ್ನೂ ಗೊತ್ತಿಲ್ಲ. ನನಗೆ ಹತ್ತನೇ ಕ್ಲಾಸು, ಎರಡು ಜಡೆ, ಬಿಳಿ ರಿಬ್ಬನ್ನು. ಗೆಳತಿಯ ಜೊತೆ ಓವರ್‌ಬ್ರಿಡ್ಜ್ ಮೇಲೆ ಪೇರಲಹಣ್ಣು ತಿನ್ನುತ್ತಿದ್ದೆ. ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಬ್ಯಾಂಡು. ಹೈದರಾಬಾದಿನ ಒಂದು ದೊಡ್ಡ ಕಂಪನಿಯವರು ತಮ್ಮ ಫುಟ್‌ಬಾಲ್ ಟೀಮಿಗೆ ಈ ಭಾಗದ ಹುಡುಗರನ್ನು ಆರಿಸಿದ್ದರು, ಮೊದಲನೆಯ ಹೆಸರು ಮಾನ್ವಿಯ ಜಹೀರುದ್ದೀನ್. (ಕಂಪನಿಯ ಹೆಸರು ಬರೆಯುವುದಿಲ್ಲ. ಈ ಮನೆಯಲ್ಲಿ ಅದನ್ನು ಯಾರೂ ಬಾಯಿಗೆ ತರುವುದಿಲ್ಲ.) ಪಾರ್ಸಲ್ ಆಫೀಸಿನಿಂದ ನಮ್ಮ ಅಬ್ಬಾನೂ ಹೊರಗೆ ಬಂದು ಹಾರ ಹಾಕಿದರು. ಹೂವಿನ ನಡುವೆ ಮೂಗು ಮಾತ್ರ ಕಾಣುತ್ತಿತ್ತು. ಆ ಮೂಗು ನನಗೆ ಬಹಳ ಹಿಡಿಸಿತು.

ಎರಡು ಮಳೆಗಾಲ ಕಳೆದ ಮೇಲೆ ವಾಪಸ್ ಬಂದರು. ಆಗ ಬ್ಯಾಂಡು ಇರಲಿಲ್ಲ.

ಯಾಕೆ? ಈ ಮನೆಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಉತ್ತರ ಇದೆ. ಮಾವ: "ಅಲ್ಲಿ ಬರೇ ಬ್ರೆಡ್ಡು, ತತ್ತಿ. ಜ್ವಾಳದ ರೊಟ್ಟಿ ಕಾಣದ ಕಾಲಾಗ ಕಸುವು ಎಲ್ಲಿಂದ ಬರಬೇಕು?" ಅತ್ತೆ: "ಪೇಪರ್‌ನ್ಯಾಗ ಫೋಟೊ ಹಾಕಿದ್ರಲ್ಲ, ಎಷ್ಟು ಮಂದಿ ಕಣ್ಣು ಬಿತ್ತೋ. ನಜರ್ ಆತು." ಸೈಕಲ್ ಅಂಗಡಿಯ ಗುಲಾಮ್ ದಸ್ತಗೀರ್, ಮಾನ್ವಿ ಟೀಮಿನ ಕ್ಯಾಪ್ಟನ್, ಕಟ್ಟೆಯ ಮೇಲೆ ಕೂತು: "ಪಾಲಿಟಿಕ್ಸ್ ಭಾಬೀ, ಪಾಲಿಟಿಕ್ಸ್. ತಮ್ಮವರನ್ನ ಬಿಟ್ಟು ನಮ್ಮವರನ್ನ ಆಡಸ್ತಾರೇನು ಅವರು?"

ಜಹೀರ್ ಎಲ್ಲ ಕೇಳುತ್ತ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿರುತ್ತಾರೆ. ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ.

೧೨ ಜನವರಿ, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೂ ಆಗಲಿ. ಅಬ್ಬಾ ಬಂದಿದ್ದರು. ಬೆಂಗಳೂರಿನ ಒಂದು ಫ್ಯಾಕ್ಟರಿ ಟೀಮಿನ ಕೋಚ್ ಸಾಹೇಬರು ಮುಂದಿನ ತಿಂಗಳು ರಾಯಚೂರಿಗೆ ಬರುತ್ತಾರಂತೆ. ಟ್ರಯಲ್ಸ್. ಆರಿಸಿದವನಿಗೆ ಪರ್ಮನೆಂಟ್ ನೌಕರಿ. ಕ್ವಾರ್ಟರ್ಸ್. ನಲ್ಲಿ ನೀರು. ಅಬ್ಬಾ ಜಹೀರರ ಹೆಸರು ಕೊಟ್ಟೇ ಬಂದಿದ್ದಾರೆ.

ಮಾವ ಹಿಗ್ಗಿ ಅಬ್ಬಾನಿಗೆ ಎರಡು ಸಲ ಚಾ ಕುಡಿಸಿದರು. ಅತ್ತೆ ಮೆಣಸಿನಕಾಯಿ ನಿವಾಳಿಸಲು ಎದ್ದೇ ಬಿಟ್ಟರು. ನಾನು ಅಡುಗೆಮನೆಯಲ್ಲಿ ನಿಂತು ಬೆಂಗಳೂರಿನ ಕಿಟಕಿಗೆ ಪರದೆ ಹಾಕಿಯೂ ಆಯಿತು — ಹಸಿರು, ಸಣ್ಣ ಹೂ.

ಜಹೀರ್ ಅಬ್ಬಾನಿಗೆ ಅಂದದ್ದು ಒಂದೇ ಮಾತು. "ನೋಡೂಣು ಮಾವಾ."

೧೬ ಜನವರಿ, ಮಂಗಳವಾರ

ನನಗೆ ಕಾರಣ ಸಿಕ್ಕಿದೆ. ರೊಟ್ಟಿಯೂ ಅಲ್ಲ, ನಜರೂ ಅಲ್ಲ. ಇಂಗ್ಲಿಷ್.

ಇಷ್ಟು ಸರಳ. ಹೈದರಾಬಾದಿನ ಕೋಚು ಇಂಗ್ಲಿಷಿನಲ್ಲಿ ಹೇಳಿರುತ್ತಾನೆ, ಉರ್ದು ಮೀಡಿಯಮ್ಮಿನ ಇವರಿಗೆ ತಿಳಿದಿರುವುದಿಲ್ಲ. ನಾಚಿಕೆ, ಕೇಳಿಲ್ಲ. ಮುಗಿಯಿತು. ಇವತ್ತು ಮಧ್ಯಾಹ್ನದ ಊಟವಾದ ಮೇಲೆ ಕ್ಲಾಸು ಶುರು ಮಾಡಿದೆ. ಬೋರ್ಡಿನ ಬದಲು ರೊಟ್ಟಿ ಬಡಿಯುವ ಕಲ್ಲು, ಸೀಮೆಸುಣ್ಣದ ಬದಲು ಜೋಳದ ಹಿಟ್ಟು.

"ಪಾಸ್."

"ಪಾಸ್."

"ಆಫ್‌ಸೈಡ್ ಅಂದ್ರ?"

"ಟೀಚರಮ್ಮ, ಅದು ನನಗ ಗೊತ್ತದ. ನಿನಗ ಗೊತ್ತದೇನು?"

ಗೊತ್ತಿರಲಿಲ್ಲ. ಕಲ್ಲಿನ ಮೇಲೆ ಕಡಲೆಕಾಳು ಇಟ್ಟು ತೋರಿಸಿದರು. ಕಾಳು ಸರಿಸುವಾಗ ಬೆರಳು ಎಷ್ಟು ಚುರುಕು... ನಕ್ಕರೂ ಕೂಡ. ಆಮೇಲೆ ನಾನು "ಹೆಡ್ ಅಪ್" ಅಂದೆ. ನಗು ನಿಂತಿತು.

"ಅದೊಂದು ಬ್ಯಾಡ. ಅದು ಬರ್ತದ." ಕಾಳನ್ನೆಲ್ಲ ಬಳಿದು ಬಾಯಿಗೆ ಹಾಕಿಕೊಂಡು ಎದ್ದು ಹೋದರು. ಕ್ಲಾಸು ಅಲ್ಲಿಗೆ ಬಿಟ್ಟಿತು.

೨೭ ಜನವರಿ, ಶನಿವಾರ. ದೇವದುರ್ಗ

ನಿನ್ನೆ ಬರೆಯಲಾಗಲಿಲ್ಲ, ಮನೆ ತುಂಬ ಜನ. ಜನವರಿ ಇಪ್ಪತ್ತಾರಕ್ಕೆ ದೇವದುರ್ಗದಲ್ಲಿ ಮ್ಯಾಚು — ಮಾನ್ವಿ, ದೇವದುರ್ಗ. ಪ್ರತಿ ವರ್ಷ ಆಡುತ್ತಾರಂತೆ. ಇವರ ಸೋದರತ್ತೆ ದಾವಲ್ ಬೀ ಮನೆ ಮೈದಾನಕ್ಕೆ ಹತ್ತಿಕೊಂಡೇ ಇದೆ. ಮಾಳಿಗೆ ಹತ್ತಿದರೆ ಎಲ್ಲ ಕಾಣುತ್ತದೆ. ನಾನು, ದಾವಲ್ ಬೀ, ಓಣಿಯ ಹೆಂಗಸರು, ಒಂದು ಬುಟ್ಟಿ ಶೇಂಗಾ.

ಜಹೀರರ ಆಟ ನಾನು ನೋಡುತ್ತಿರುವುದು ಮೊದಲ ಸಲ. ಮೊದಲ ಅರ್ಧ... ಹೇಗೆ ಬರೆಯಲಿ. ನಿಂತಿದ್ದರು. ಚೆಂಡು ಬಂದರೆ ಒದೆಯುತ್ತಿದ್ದರು, ಬಾರದಿದ್ದರೆ ನಿಂತಿರುತ್ತಿದ್ದರು.

"ನಿನ್ನ ಗಂಡ ಹೊಲದಾಗ ಬೆದರಬೊಂಬಿ ನಿಂತಂಗ ನಿಂತಾನಲ್ಲೇ," ಎಂದರು ದಾವಲ್ ಬೀ ಶೇಂಗಾ ಒಡೆಯುತ್ತ. "ಏನ್ ತಿನಿಸಿ ಕಳಿಸೀದಿ?"

ಆಮೇಲೆ ಬಾಗಲವಾಡದ ಕಡೆಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಸೈಕಲ್ಲನ್ನು ಹಾಗೇ ಕೆಡವಿ, ಧೋತರದ ಕಚ್ಚೆ ಬಿಗಿದು, ದಸ್ತಗೀರನನ್ನು ಹೊರಗೆ ಕಳಿಸಿ ಒಳಗೆ ಹೋದ. ಬರಿಗಾಲು. ಅಂಬಣ್ಣನಂತೆ, ನಮಗೆ ಉಣ್ಣೆ ಕೊಡುವ ನೀರಮಾನ್ವಿಯ ಮುದುಕಪ್ಪನ ಮಗ. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದನಂತೆ, ಕಾಯಲು ಇನ್ನೊಬ್ಬ ಬರುವವರೆಗೆ ಬಿಟ್ಟು ಬರುವಂತಿರಲಿಲ್ಲ.

ಅಲ್ಲಿಂದ ಮೈದಾನವೇ ಬೇರೆಯಾಯಿತು. ಅಂಬಣ್ಣ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಏನೋ ಕೂಗುತ್ತಾನೆ — ಟ್ರ್ರ್ರ್... ಹ್ಹೋ. ಎಷ್ಟು ಗದ್ದಲವಿದ್ದರೂ ಆ ಸದ್ದು ಸೂಜಿಯ ಹಾಗೆ ತೂರಿ ಬರುತ್ತದೆ. ಜಹೀರ್ ತಲೆ ಎತ್ತುವುದಿಲ್ಲ. ಓಡುತ್ತಾರೆ. ಓಡಿದ ಕಡೆಗೇ ಚೆಂಡು ಬಂದು ಬೀಳುತ್ತದೆ. ನನ್ನ ಗಂಡ ಹಾಗೆ ಓಡುತ್ತಾರೆಂದು ಯಾರೂ ನನಗೆ ಹೇಳಿರಲಿಲ್ಲ. ಮಳೆ ಬರುವ ಮೊದಲಿನ ಗಾಳಿಯ ಹಾಗೆ. ಎರಡು ಗೋಲು. ನಾನು ಎಲ್ಲರೆದುರು ದಾವಲ್ ಬೀಯನ್ನು ತಬ್ಬಿಕೊಂಡೆ. ಬುಟ್ಟಿ ಉರುಳಿತು.

೨೮ ಜನವರಿ, ಭಾನುವಾರ. ಮಾನ್ವಿ

ಬಸ್ಸಿನಲ್ಲಿ ಬರುವಾಗ ನಾನೇ ಖುಷಿಯಿಂದ ಹೇಳಿದೆ. ನನ್ನ ದೊಡ್ಡ ಸಂಶೋಧನೆ ಅನ್ನುವ ಹಾಗೆ. "ನೀವು ಚೆಂಡು ನೋಡಿ ಓಡೂದಿಲ್ಲ ಅಲ್ರೀ. ಅಂಬಣ್ಣ ಕೂಗಿದ ಕಡಿ ಓಡ್ತೀರಿ. ಅಂವ ಬರೂತನಕ ಸುಮ್ಮ ನಿಂತಿದ್ರಿ."

ಕಿಟಕಿಯ ಕಡೆ ತಿರುಗಿದರು. ಕವಿತಾಳದಲ್ಲಿ ಬಸ್ಸು ನಿಂತಾಗ ಮಿರ್ಚಿ ಬೇಕಾ ಎಂದು ಕೇಳುವರೇನೋ ಅಂದುಕೊಂಡೆ. ಕೇಳಲಿಲ್ಲ. ಏನು ತಪ್ಪು ಮಾತಾಡಿದೆ?

೬ ಫೆಬ್ರವರಿ, ಮಂಗಳವಾರ

ಇಷ್ಟು ದಿನ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಮಾತು ಉಪ್ಪು, ನೀರು, ಕದ ಹಾಕು — ಅಷ್ಟಕ್ಕೇ ಬಂದಿತ್ತು. ಇವತ್ತು ಮಾಳಿಗೆಯ ಮೇಲೆ ತೊಳೆದ ಉಣ್ಣೆ ಹರಡುತ್ತಿದ್ದೆವು. ತಾವಾಗಿಯೇ ಶುರು ಮಾಡಿದರು, ನನ್ನ ಮುಖ ನೋಡದೆ.

"ಸಣ್ಣಾಂವ ಇದ್ದಾಗ ಅಪ್ಪನ ಜೋಡಿ ನೀರಮಾನ್ವಿಗೆ ಉಣ್ಣಿಗೆ ಹೋಗ್ತಿದ್ದೆ. ಅಪ್ಪ, ಮುದುಕಪ್ಪ ರೇಟಿನ ಜಗಳಕ್ಕ ಕುಂತ್ರ ಹೊತ್ತು ಮುಣುಗ್ತಿತ್ತು. ನಾನು, ಅಂಬಣ್ಣ ಕುರಿ ಹಿಂದ. ಬಲಕ್ಕ ತಿರುಗು ಅನ್ನಾಕ ಒಂದು ಕೂಗು, ನಿಲ್ಲು ಅನ್ನಾಕ ಒಂದು, ನೀರಿಗಿ ಬಾ ಅನ್ನಾಕ ಒಂದು. ಅಂವ ಕೂಗಿದ್ರ ಕುರಿ ತಿರುಗ್ತಿದ್ದವು. ಅವುಗಳ ನಡುವ ನಾನೂ ತಿರುಗ್ತಿದ್ದೆ. ಆಟ ಅದು."

"ಆಮ್ಯಾಲ?"

"ಆಮ್ಯಾಲ ಚೆಂಡು ಬಂತು. ಕೂಗು ಅದ ಉಳೀತು. ನೀರಿಗಿ ಬಾ ಅಂದ್ರ ಗೋಲಿಗೆ ನೆಟ್ಟಗ ಓಡೂದು. ನಾ ತಲಿ ಎತ್ತಿ ನೋಡಿದಾವನ ಅಲ್ಲ. ಹೈದರಾಬಾದಿನವರು ಬಂದು ನೋಡಿದ್ರು. ನೋಡದ ಓಡ್ತಾನ, ಹುಟ್ಟಾ ಬಂದದ್ದು ಅಂದ್ರು. ನಾನೂ ಹಂಗ ತಿಳಕೊಂಡೆ, ಜಾಹೆದಾ. ಖರೇನ ತಿಳಕೊಂಡೆ."

ಉಣ್ಣೆಯನ್ನು ಕೈಯಲ್ಲಿ ಹಿಂಜುತ್ತಲೇ ಇದ್ದರು. ಹಿಂಜಿದ್ದನ್ನೇ ಹಿಂಜುತ್ತಿದ್ದರು.

"ಅಲ್ಲಿ ಮೊದಲನೇ ಮ್ಯಾಚು. ಓಡಬೇಕು, ಯಾ ಕಡಿ? ಯಾರೂ ಕೂಗವಲ್ಲರು. ಅಷ್ಟು ಮಂದಿ ಮುಂದ ಬಕ್ರೀದಿಗೆ ತಂದ ಕುರಿ ನಿಂತಂಗ ನಿಂತೆ. ಕೋಚ್ ಒಂದ ಸಮ ಹೆಡ್ ಅಪ್, ಹೆಡ್ ಅಪ್. ತಲಿ ಎತ್ತಿದ್ರ ಚೆಂಡು ಕಾಲು ಬಿಡ್ತಿತ್ತು. ತಲಿ ಇಳಿಸಿದ್ರ ಮಂದಿ ಕಾಣ್ತಿದ್ದಿಲ್ಲ. ಇನ್ನೊಬ್ಬರಾದ್ರ ಎಂಟನೇ ವಯಸ್ಸಿಗೆ ಕಲ್ತಿರ್ತಾರ ಅದನ್ನ. ನನಗ ಕಲಿಯೂ ಗರಜ ಬಿದ್ದಿದ್ದಿಲ್ಲ."

"ಮತ್ತ ಅವರು ನಿಮ್ಮನ್ನ ಯಾಕ ಆರಿಸಿದ್ರು?"

"ತಪ್ಪು ನೋಡಲಿಲ್ಲ ಅವರು. ನೋಡಿದ್ದು ಇಬ್ಬರನ್ನ. ಕರಕೊಂಡು ಹೋಗಿದ್ದು ಒಬ್ಬನ್ನ."

ಆಗ ಅಂಬಣ್ಣನನ್ನು ಯಾರೂ ಕೇಳಲೇ ಇಲ್ಲವಂತೆ. ಕೇಳಿದ್ದು ಒಂದೇ: ಆ ಕೂಗುವವನನ್ನು ಸ್ವಲ್ಪ ಸುಮ್ಮನಿರಿಸಿ, ಸೀಟಿ ಕೇಳುವುದಿಲ್ಲ.

"ಅಂಬಣ್ಣಗ ಇದನ್ನ ಹೇಳೀರೇನು?"

"ಹೆಂಗ ಹೇಳ್ಲಿ? ನಾ ತಿರುಗಿ ಬಂದಾಗ ಊರೆಲ್ಲ ಹೈದರಾಬಾದಿನವರನ್ನ ಬೈಯ್ಯಾಕತ್ತಿತ್ತು. ಎಲ್ಲಾರಕಿಂತ ಜೋರು ಅಂವನ. ನಿನ್ನ ಕೂಗಿನ ಪಗಾರ ನಾ ತಿಂದು ಬಂದೀನಿ ಅಂತ ಹೆಂಗ ಹೇಳ್ಲಿ?"

ಸೀನು ಬಂತು. ಇವರು ಎದ್ದು, ಕೆಳಗೆ ಹೋಗಿ, ನನಗೆ ನೀರು ತಂದುಕೊಟ್ಟರು. ಕುಡಿಯುವಾಗ ಕಣ್ಣೂ ಒರೆಸಿಕೊಂಡೆ.

ನನ್ನ ಇಂಗ್ಲಿಷ್ ಕ್ಲಾಸು. ಎಷ್ಟು ದಡ್ಡಿ ನಾನು.

೯ ಫೆಬ್ರವರಿ, ಶುಕ್ರವಾರ

ಅಂಬಣ್ಣ ಬಂದಿದ್ದ. ಕಂಬಳಿಯ ತುಂಬ ಹುಲ್ಲುಕಡ್ಡಿ, ಬಾಯಿ ತುಂಬ ಮಾತು. ಅಂಗಳದಲ್ಲೇ ಕೂತ.

"ತಂಗೆವ್ವಾ, ಚಾದಾಗ ಸಕ್ರಿ ಹಾಕಿಯೋ, ಬರೇ ಡಬ್ಬಿ ತೋರಿಸಿ ತಂದಿಯೋ?"

"ಎರಡು ಚಮಚ ಹಾಕೀನಿ ಅಣ್ಣಾ."

"ಹಂಗಾದ್ರ ನಿನ್ನ ಚಮಚ ಸಣ್ಣದದ." ನಕ್ಕ. ಆಮೇಲೆ ಜಹೀರರ ಬೆನ್ನಿಗೊಂದು ಗುದ್ದು. "ಲೇ, ಬೆಂಗಳೂರಿನವರು ಬರ್ತಾರಂತಲ್ಲ. ಈ ಸಲ ಅವರಿಗೆ ಮೊದಲ ಹೇಳಿಬಿಡು, ಬೆಂಚಿನ ಮ್ಯಾಲೆ ಕುಂದ್ರಸೂದಿದ್ರ ಬರೂದಿಲ್ಲ ಅಂತ. ಆ ಹೈದರಾಬಾದಿನ ಕಳ್ಳರು... ತಂಗೆವ್ವಾ, ನಾ ಒಂದಿನ ನನ್ನ ಕುರಿ ಎಲ್ಲಾ ಹೊಡಕೊಂಡು ಹೋಗಿ ಅವರ ಆಫೀಸಿನ್ಯಾಗ ಹೊಗಸಾಂವ. ಫೈಲ್ ಒಂದೂ ಉಳೀಬಾರದು."

ಜಹೀರ್ ಬಾಯಿ ತೆರೆದರು. ಈಗ ಹೇಳುತ್ತಾರೆ, ಈಗ... ಲೋಟ ಹಿಡಿದೇ ನಿಂತೆ.

"ಚಾ ಆರ್ತದ, ಕುಡಿ," ಅಂದರು ಅಂಬಣ್ಣನಿಗೆ.

ಟ್ರಯಲ್ಸಿಗೆ ತಾನೂ ರಾಯಚೂರಿಗೆ ಬರುತ್ತಾನಂತೆ. ಬೂಟು ಹೊರಲು ಒಬ್ಬ ಬೇಕಲ್ಲ ಅಂದ. ಹೋದ ಮೇಲೆ ಜಹೀರರನ್ನು ಕೇಳಿದೆ — ಅವನನ್ನೂ ಆಡಿಸಿರಿ ಅಂತ ಕೋಚಿಗೆ ಹೇಳೋಣವೇ? ತಲೆ ಅಲ್ಲಾಡಿಸಿದರು. "ಈ ಸಲ ನಾ ಒಬ್ಬನ ಆಡ್ತೀನಿ. ಬಂದ್ರ ಬರ್ಲಿ, ಇಲ್ಲಂದ್ರ ಇಲ್ಲ. ಸುಳ್ಳರ ಆಗಬಾರದು."

ನಿಜ ಬರೆಯುತ್ತೇನೆ. ನನಗೆ ಕ್ವಾರ್ಟರ್ಸ್ ಬೇಕು.

೧೭ ಫೆಬ್ರವರಿ, ಶನಿವಾರ, ಸಂಜೆ. ರಾಯಚೂರು, ಅಬ್ಬಾನ ಮನೆ

ಏನೆಂದು ಬರೆಯಲಿ. ನಗು ಬರುತ್ತಿದೆ, ನಗುವ ಹಾಗಿಲ್ಲ.

ಅಬ್ಬಾ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. ಬೇವಿನಮರದ ಕೆಳಗೆ ಬೆಂಚು, ಬುರ್ಖಾದ ಮುಖ ಮೇಲೆತ್ತಿ ಕೂತೆ. ಕೋಚ್ ಸಾಹೇಬರು ಗಿಡ್ಡ, ಬಿಳಿ ಟೋಪಿ, ಕುತ್ತಿಗೆಗೆ ಸೀಟಿ. ಬಂದ ಹುಡುಗರನ್ನು ಎರಡು ಪಾಲು ಮಾಡಿದರು — ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಪಟ್ಟಿ ಇಲ್ಲ. ಜಹೀರರಿಗೆ ಪಟ್ಟಿ ಇಲ್ಲ. ಕೆಂಪಿನವರಲ್ಲಿ ಒಬ್ಬ ಕಡಿಮೆ. ಲಿಂಗಸುಗೂರಿನ ಹುಡುಗನಿಗೆ ಬಸ್ಸು ತಪ್ಪಿತ್ತು. ಸಾಹೇಬರು ಸುತ್ತ ನೋಡಿ, ಬೂಟಿನ ಚೀಲ ಹಿಡಿದು ನಿಂತ ಅಂಬಣ್ಣನಿಗೆ, "ನೀವು ಆಡ್ತೀರೇನ್ರಿ?" ಅಂದರು.

"ಆಡಾಕೇನ್ರೀ, ಕರದ್ರ ಲಗ್ನಕ್ಕೂ ಬರ್ತೀನಿ."

ಜಹೀರ್ ಈ ಕಡೆ, ಅಂಬಣ್ಣ ಆ ಕಡೆ. ಇಬ್ಬರೂ ಎದುರುಬದುರು ಆಡಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ಆಟ ಶುರುವಾಯಿತು. ಜಹೀರ್ ತಲೆ ಎತ್ತಿ ಆಡಲು ಹೆಣಗುತ್ತಿದ್ದರು. ಎರಡು ಸಲ ಚೆಂಡು ಕಾಲು ಬಿಟ್ಟಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಅಂಬಣ್ಣನ ಕಾಲಿಗೆ ಚೆಂಡು ಸಿಕ್ಕಿತು. ಅಭ್ಯಾಸ... ಕೂಗಿದ. ಟ್ರ್ರ್ರ್. ಕೂಗಿದ್ದು ಕೆಂಪು ಪಟ್ಟಿಯ ತನ್ನ ಹುಡುಗರಿಗೆ. ಅವರಿಗೆ ಅದೇನು ತಿಳಿಯಬೇಕು? ತಿಳಿದವರು ಒಬ್ಬರೇ. ಜಹೀರರ ತಲೆ ತಾನಾಗಿ ತಗ್ಗಿತು, ಕಾಲು ಎದ್ದಿತು. ಚೆಂಡು ಎಲ್ಲಿ ಬೀಳಬೇಕಿತ್ತೋ ಅಲ್ಲಿ ಮೊದಲೇ ನಿಂತಿದ್ದರು. ಕಿತ್ತುಕೊಂಡು ಹೋಗಿ ಗೋಲು ಹೊಡೆದರು.

ಮತ್ತೆ ಅದೇ. ಮತ್ತೆ ಮತ್ತೆ ಅದೇ. "ಲೇ ಜಹೀರಾ, ನಾ ನಿನಗ ಕರದಿಲ್ಲಲೇ," ಎಂದು ಅಂಬಣ್ಣ ಮೈದಾನದ ನಡುವೆ ನಿಂತು ಒದರಿದ. ಜನ ಬಿದ್ದು ಬಿದ್ದು ನಕ್ಕರು. ನಗದವರು ಇಬ್ಬರೇ — ಜಹೀರ್, ಕೋಚ್ ಸಾಹೇಬರು. ಸಾಹೇಬರು ಎದ್ದು ನಿಂತಿದ್ದರು. ಅಬ್ಬಾನ ತೋಳು ಹಿಡಿದು ಹೇಳಿದರು, "ನೋಡಿದ್ರಾ? ಬಾಲ್ ಎಲ್ಲಿಗೆ ಬರುತ್ತೆ ಅಂತ ಇವನಿಗೆ ಮೊದಲೇ ಗೊತ್ತಾಗುತ್ತೆ. ಇದನ್ನ ಕಲಿಸೋಕಾಗಲ್ಲ. ಇಷ್ಟು ವರ್ಷದಲ್ಲಿ ನಾನು ಇಂಥ ಹುಡುಗನ್ನ ನೋಡಿಲ್ಲ."

ಒಂದೇ ಹೆಸರು ಓದಿದರು. ಜಹೀರುದ್ದೀನ್.

ಅಬ್ಬಾ ತೀನ್ ಕಂದೀಲ್ ಚೌಕದಿಂದ ಪೇಡೆ ತಂದು ಕ್ವಾರ್ಟರ್ಸಿಗೆಲ್ಲ ಹಂಚುತ್ತಿದ್ದಾರೆ. ಅಂಬಣ್ಣ ಎಲ್ಲರಿಗಿಂತ ಹೆಚ್ಚು ತಿಂದ. ಜಹೀರ್ ಹಿತ್ತಲಲ್ಲಿ ಕಟ್ಟೆಯ ಮೇಲೆ ಕೂತಿದ್ದಾರೆ. ಪೇಡೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ಹೋದ ಸಲ ನನಗ ಗೊತ್ತಿದ್ದಿಲ್ಲ, ಜಾಹೆದಾ. ಈ ಸಲ ಗೊತ್ತದ."

"ಹೋಗಿ ಕಲೀರಿ. ಕಲಿಯಾಕ ಬರೂದಿಲ್ಲೇನು?"

"ಎರಡು ಮಳಿಗಾಲ ಅದನ್ನ ಮಾಡಿ ಬಂದೀನಿ."

"ಹಂಗಾದ್ರ ನೌಕರಿಯರ ಉಳೀತದಲ್ಲ. ಕ್ವಾರ್ಟರ್ಸು..." ನನ್ನ ದನಿ ನನಗೇ ಕೇಳಿಸಿತು, ಸಣ್ಣ ಹುಡುಗಿಯ ಹಟದ ಹಾಗೆ. ನಿಲ್ಲಿಸಿದೆ.

"ಆಡದಾವನ್ನ ಎಷ್ಟು ದಿನ ಇಟ್ಕೋತಾರ? ಮತ್ತ ತಿರುಗಿ ಬರಬೇಕು. ಮತ್ತ ಊರವರು ಬೈತಾರ, ಈ ಸಲ ಬೆಂಗಳೂರಿನವರನ್ನ. ನಾ ಮುಳ್ಳು ಆರಿಸ್ಕೋತ ಕುಂತು ಕೇಳಬೇಕು." ಆಮೇಲೆ ನನ್ನ ಕಡೆ ತಿರುಗಿ, "ನಿನಗ ಏನ್ ಬೇಕು ಹೇಳು. ನೀ ಹೂಂ ಅಂದ್ರ ಹೋಗ್ತೀನಿ."

ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ನಾಳೆ ಮಧ್ಯಾಹ್ನದ ಗಾಡಿಗೆ ಸಾಹೇಬರು ಹೊರಡುತ್ತಾರೆ. ಅಷ್ಟರಲ್ಲಿ ಹೇಳಬೇಕು.

೧೮ ಫೆಬ್ರವರಿ, ಭಾನುವಾರ, ಬೆಳಿಗ್ಗೆ

ಇವರ ಅಂಗಿಗೆ ಇಸ್ತ್ರಿ ಮಾಡಿಕೊಟ್ಟೆ. ಗುಂಡಿ ಹಾಕಿಕೊಳ್ಳುವಾಗ ಎದುರಿಗೆ ನಿಂತೆ. ಹಸಿರು ಪರದೆ ಇನ್ನೂ ಕಣ್ಣೆದುರು ಹಾರಾಡುತ್ತಿತ್ತು, ಸುಳ್ಳು ಯಾಕೆ. ಆದರೆ ಆ ಪರದೆಯ ಹಿಂದೆ ಕೂತ ಜಹೀರರ ಮುಖವೂ ಕಾಣುತ್ತಿತ್ತು. ಬಸ್ಸಿನ ಕಿಟಕಿಗೆ ತಿರುಗಿಸಿದ್ದ ಆ ಮುಖ.

"ದೇವದುರ್ಗದಾಗ ಓಡಿದ್ರಲ್ಲ," ಅಂದೆ, "ಹಂಗ ಓಡಾವರು ನನಗ ಬೇಕು. ಅವರು ಮಾನ್ವಿಯಾಗ ಇದ್ರ ಮಾನ್ವಿ."

ನನ್ನ ಮೂಗು ಹಿಡಿದು ಅಲ್ಲಾಡಿಸಿ ಹೊರಟರು. ಅಂಬಣ್ಣನೂ ಜೊತೆಗೆ ಹೋದ.

ಅದೇ ದಿನ, ಮಧ್ಯಾಹ್ನ

ಹೇಳಿಬಿಟ್ಟರಂತೆ. ಪ್ಲಾಟ್‌ಫಾರ್ಮಿನಲ್ಲಿ, ಅಂಬಣ್ಣನ ಎದುರಿಗೇ. ಅಬ್ಬಾ ಬಂದು ಕುರ್ಚಿಯಲ್ಲಿ ಕುಸಿದು ಕೂತು ಒಂದೊಂದೇ ಮಾತು ಹೇಳಿದರು.

ಸಾಹೇಬರು ಮೊದಲು ನಂಬಲಿಲ್ಲ. ಜಹೀರ್ ಅಂಬಣ್ಣನಿಗೆ, ಕೂಗು ಅಂದರಂತೆ. ಅಂಬಣ್ಣ ಏನೂ ತಿಳಿಯದೆ ಕೂಗಿದ. ಹಮಾಲರ ಗದ್ದಲದ ನಡುವೆ, ಕಣ್ಣು ಮುಚ್ಚಿಕೊಂಡೇ ಜಹೀರ್ ಕೂಗಿದ ಕಡೆ ತಿರುಗಿ ನಡೆದು ತೋರಿಸಿದರಂತೆ. ಸಾಹೇಬರು ಟೋಪಿ ತೆಗೆದು ಬೆಂಚಿನ ಮೇಲೆ ಕೂತರಂತೆ.

"ನಾನು ಕರ್ಕೊಂಡು ಹೋದ ಹುಡುಗರಲ್ಲಿ ಎಷ್ಟೋ ಜನ ವಾಪಸ್ ಹೋದರು," ಅಂದರಂತೆ. "ಒಳ್ಳೊಳ್ಳೆಯವರು. ಸೋಮಾರಿಗಳು ಅಂತ ಬರೆದೆ, ಮನೆ ನೆನಪು ಅಂತ ಬರೆದೆ. ಅವರು ಊರಲ್ಲಿ ಏನು ಬಿಟ್ಟು ಬಂದಿದ್ದರು ಅಂತ ಒಬ್ಬರನ್ನೂ ಕೇಳಲಿಲ್ಲ."

"ಇಬ್ಬರನ್ನೂ ಒಯ್ಯಾಕ ಬರ್ತದೇನ್ರೀ?" ಅಂತ ಅಬ್ಬಾ ಕೇಳಿದರು. ಜಾಗ ಇರುವುದು ಒಂದೇ. ಗಾಡಿ ಬಂತು. ಸಾಹೇಬರು ಹತ್ತುವ ಮೊದಲು ಇಬ್ಬರ ಕೈಯನ್ನೂ ಕುಲುಕಿದರಂತೆ. ಮೊದಲು ಅಂಬಣ್ಣನ ಕೈ.

ಅಂಬಣ್ಣ ನಮ್ಮ ಮನೆಗೆ ಬರಲಿಲ್ಲ. ಊಟಕ್ಕೆ ಕಾದೆವು. ಬಸ್ ಸ್ಟ್ಯಾಂಡಿನಿಂದಲೇ ಊರಿಗೆ ಹೋದನಂತೆ, ಜಹೀರ್ ಜೊತೆ ಒಂದು ಮಾತೂ ಆಡದೆ. ಜಹೀರ್ ಎರಡು ತುತ್ತು ತಿಂದು ಕೈ ತೊಳೆದರು.

ಅಬ್ಬಾ ಪೇಡೆಯ ಖಾಲಿ ಡಬ್ಬಿಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಅಳಿಯನ ಹೆಗಲ ಮೇಲೆ ಕೈ ಇಟ್ಟರು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಪರದೆಗಾಗಿ. ಬೇರೆ ಯಾವುದಕ್ಕೂ ಅಲ್ಲ.

೨೪ ಫೆಬ್ರವರಿ, ಶನಿವಾರ. ಮಾನ್ವಿ

ಈ ವಾರವೆಲ್ಲ ನೀರಮಾನ್ವಿಯ ಉಣ್ಣೆ ಬರಲಿಲ್ಲ. ಮಾವ ಕೇಳಿದರೆ ಜಹೀರ್ ಎದ್ದು ಮಾಳಿಗೆ ಹತ್ತುತ್ತಾರೆ. ಒಂದು ಸೀನೂ ಇಲ್ಲದ ಮನೆ, ಇಷ್ಟು ಬೇಜಾರಾಗುತ್ತದೆಂದು ಗೊತ್ತಿರಲಿಲ್ಲ.

ಇವತ್ತು ಬಂದ. ಗಂಟನ್ನು ಅಂಗಳದಲ್ಲಿ ಧೊಪ್ಪನೆ ಒಗೆದ. ಜಹೀರ್ ಎದ್ದು ನಿಂತರು.

"ಲೇ," ಅಂದ ಅಂಬಣ್ಣ. "ಎರಡು ವರ್ಷ. ಎರಡು ವರ್ಷ ನಾ ಆ ಹೈದರಾಬಾದಿನವರನ್ನ ಬೈದೀನಿ. ಹೊಲದಾಗ ಬೈದೀನಿ, ಸಂತಿಯಾಗ ಬೈದೀನಿ. ಅವರ ಹಿರೇರನ್ನೂ ಬಿಟ್ಟಿಲ್ಲ. ಸುಮ್ಮ ಸುಮ್ಮನ ಬೈಸೀದಿ ನನ್ನ ಕೈಲೆ."

"ತಪ್ಪಾತು."

"ನಿನ್ನ ತಪ್ಪು ತಗೊಂಡು ಏನ್ ಮಾಡ್ಲಿ, ಕಂಬಳಿ ನೇಯ್ಲಾ? ನನಗ ಹೇಳಬಾರದಿತ್ತಾ? ನಾ ಏನ್ ನಿನ್ನ ಪಗಾರದಾಗ ಪಾಲು ಕೇಳ್ತಿದ್ದೆನಾ?" ತಿರುಗಿ ಗಂಟು ಬಿಚ್ಚತೊಡಗಿದ. ಬಿಚ್ಚುತ್ತಲೇ, "ಮಾರೆಮ್ಮ ಕೇಳಿದಳು. ನನ್ನ ಹೆಂಡ್ತಿ. ಹಂಗಾದ್ರ ನಿನ್ನನ್ನ ಆರಿಸಿದಂಗ ಆತಲ್ಲ ಅಂದಳು. ಹೌದೇನಲೇ?"

"ಹೌದು."

"ಹೈದರಾಬಾದಿಗೆ?"

"ಹೈದರಾಬಾದಿಗೂ, ಬೆಂಗಳೂರಿಗೂ."

ಅಂಬಣ್ಣ ಉಣ್ಣೆಯ ಮೇಲೆ ಕೂತ. "ಒಳ್ಳೆ ಇದಾತಲ್ಲ. ಕುರಿ ಬಿಟ್ಟು ಎಲ್ಲಿಗೂ ಹೋಗದ ಎರಡೆರಡು ಊರಿಗೆ ಆಯ್ಕೆ ಆಗೀನಿ." ಆಮೇಲೆ ನನ್ನ ಕಡೆ ನೋಡಿ, "ತಂಗೆವ್ವಾ, ನಿಂತು ಏನ್ ನೋಡ್ತೀ. ಆರಿಸಿ ಬಂದಾವರಿಗೆ ಚಾ ಇಲ್ಲೇನು?"

ನಾನು ಸೀನಿದೆ. ಅತ್ತೆ ಮೂವರಿಗೂ ನೀರು ಕೊಟ್ಟರು.

೨೫ ಫೆಬ್ರವರಿ, ಭಾನುವಾರ, ಮಧ್ಯಾಹ್ನ

ಜಹೀರ್ ನಿನ್ನೆಯಿಂದ ಮಾತು ನಿಲ್ಲಿಸಿಯೇ ಇಲ್ಲ. ಹಳೆಯ ಆಟ, ಹಳೆಯ ಊರು. ಇಷ್ಟು ವರ್ಷ ಅದರ ಸುದ್ದಿಗೇ ಹೋಗುತ್ತಿರಲಿಲ್ಲವಂತೆ. ಹೋದರೆ ಅಂಬಣ್ಣ ಬರುತ್ತಿದ್ದ, ಅಂಬಣ್ಣ ಬಂದರೆ ಹೈದರಾಬಾದು ಬರುತ್ತಿತ್ತು. ಈಗ ಎಲ್ಲ ತಾನಾಗಿ ಬರುತ್ತಿದೆ. ನಾನು ಹುಟ್ಟಿ ಬೆಳೆಯದ ಊರಿನ ನೆನಪು ನನಗೂ ಬರತೊಡಗಿದೆ — ಕಾಲುವೆಯ ಏರಿ, ಕೊಯ್ಲಾದ ಭತ್ತದ ಗದ್ದೆ, ಚಿಂದಿ ಬಟ್ಟೆ ಸುತ್ತಿ ಮಾಡಿದ ಚೆಂಡು. ಅದನ್ನು ಮೊದಲು ಒದ್ದದ್ದು ಅಂಬಣ್ಣನೂ ಅಲ್ಲ, ಇವರೂ ಅಲ್ಲ, ಒಂದು ಟಗರಂತೆ. ನಗುತ್ತ ನಗುತ್ತ ಹೇಳುತ್ತಿದ್ದಾರೆ, ಮಾಳಿಗೆಯಿಂದ ಕೂಗಿ ಕರೆಯುತ್ತಿದ್ದಾರೆ, ಉಳಿದದ್ದು ಕೇಳಲು ಬಾ ಅಂತ. ಮರೆಯುವ ಮೊದಲು ಇಷ್ಟಾದರೂ ಬರೆದಿಡುತ್ತೇನೆ. ಆ ದಿನ ಲಾಲ್ ಸಾಬರು, ಮುದುಕಪ್ಪ ರೇಟಿನ ಜಗಳದಲ್ಲಿದ್ದರು, ಹೊತ್ತು ಇಳಿದಿತ್ತು, ಇಬ್ಬರೂ ಕುರಿಗಳನ್ನು ಕಾಲುವೆಯ ಆಚೆ ಬಿಟ್ಟು ಟಗರಿನ ಹಿಂದೆ... ಮತ್ತೆ ಕೂಗುತ್ತಿದ್ದಾರೆ, ಉಳಿದದ್ದು ಕೇಳಿ ಬಂದು ಬರೆಯುತ್ತೇನೆ.